ರಜೆ ಬಂತೆಂದರೆ ಯಾರ ಕಣ್ಣಿಗೂ ಬೀಳದ ಮಕ್ಕಳು: ಏನು ಮಾಡಬಹುದು?

ಸೀಮೆಸುಣ್ಣ
ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ದೊಡ್ಡ ರಜೆಗೆ ಇನ್ನು ಹನ್ನೊಂದು ದಿನ. ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ದಿನ ಎಣಿಸುತ್ತಿದ್ದಾರೆ. ನಾನೂ ಎಣಿಸುತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆದರೆ ತರಗತಿಯಲ್ಲಿ ಒಬ್ಬಳಿದ್ದಾಳೆ, ಎಂಟು ವರ್ಷದವಳು. ರಜೆಯ ಮಾತು ಬಂದಾಗ ಉಳಿದವರು ಬೆಂಚು ಬಡಿದು ಕುಣಿದರೆ ಇವಳು ಚೀಲದ ಜಿಪ್ಪು ಎಳೆಯುತ್ತಾ ಕೂರುತ್ತಾಳೆ. ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಕಳೆದ ರಜೆ ಮುಗಿಸಿ ಬಂದಾಗ ಕೆನ್ನೆ ಇಳಿದುಹೋಗಿತ್ತು, ಕಲಿತಿದ್ದ ಒತ್ತಕ್ಷರಗಳು ಮರೆತಿದ್ದವು. ಮೊದಲ ವಾರ ಪೂರ್ತಿ ನನ್ನ ಮೇಜಿನ ಪಕ್ಕದಿಂದ ಕದಲಲಿಲ್ಲ. ಇನ್ನೊಬ್ಬ ಹತ್ತರ ಹುಡುಗ, ಹಾಸಿಗೆ ಹಿಡಿದ ಅಜ್ಜಿಯನ್ನೂ ಪುಟ್ಟ ತಂಗಿಯನ್ನೂ ಅವನೇ ನೋಡಿಕೊಳ್ಳುತ್ತಾನೆ. ಮತ್ತೊಂದು ಮನೆಯಲ್ಲಿ ಅಪ್ಪ ಅಮ್ಮ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಾರೆ.

ರಜೆಯ ಮನೆಪಾಠದ ಹಾಳೆಗಳನ್ನು ಎರಡು ವರ್ಷ ಕೊಟ್ಟು ನೋಡಿದೆ. ಅರ್ಧ ಖಾಲಿ ಬಂದವು, ಉಳಿದ ಅರ್ಧ ದೊಡ್ಡವರ ಕೈಬರಹದಲ್ಲಿ ಬಂದವು. ಇಂಥ ಮಕ್ಕಳನ್ನು ರಜೆಯಲ್ಲಿ ಕಾಯುವುದು ಹೇಗೆ, ಒಂದಿಷ್ಟು ಕಲಿಕೆಯನ್ನಾದರೂ ಉಳಿಸುವುದು ಹೇಗೆ? ಯಾರಾದರೂ ಮಾಡಿ ನೋಡಿದ್ದರೆ ಹೇಳಿ. ಉಪದೇಶ ನನ್ನ ಬಳಿಯೇ ಬೇಕಾದಷ್ಟಿದೆ.

ನೇರನುಡಿ
ಬೇಸರ ಮಾಡಿಕೊಳ್ಳಬೇಡಿ ಮೇಡಂ, ಒಂದು ಮಾತು ಕೇಳುತ್ತೇನೆ. ಹೆತ್ತವರು ಯಾಕಿರುವುದು? ಶಾಲೆ ಎಂದರೆ ಪಾಠ ಹೇಳುವ ಜಾಗ. ಊಟ, ಕಾವಲು, ಕಣ್ಣೀರು ಒರೆಸುವುದು ಎಲ್ಲವನ್ನೂ ಶಿಕ್ಷಕರ ತಲೆಗೆ ಕಟ್ಟಿದರೆ ಕೊನೆಗೆ ಪಾಠವೇ ನಡೆಯುವುದಿಲ್ಲ.

ರಾತ್ರಿಪಾಳಿ
ನೇರನುಡಿಯವರೇ, ಹೆತ್ತವಳು ನಾನೊಬ್ಬಳು ಇಲ್ಲಿಯೇ ಇದ್ದೇನೆ, ನನ್ನನ್ನೇ ಕೇಳಿ. ಇಬ್ಬರು ಮಕ್ಕಳು, ಒಂಬತ್ತು ಮತ್ತು ಐದು ವರ್ಷ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಶಾಲೆಗೆ ವರ್ಷಕ್ಕೆ ಹತ್ತು ಹನ್ನೆರಡು ವಾರ ರಜೆ, ನನಗೆ ಹನ್ನೆರಡು ದಿನ. ಈ ಲೆಕ್ಕವನ್ನು ನೀವು ಹೇಗೆ ಸರಿದೂಗಿಸುತ್ತೀರಿ ಹೇಳಿ, ಹಾಗೆಯೇ ಮಾಡುತ್ತೇನೆ.

ಕಳೆದ ವರ್ಷ ನಾನೂ ಹೊರಗಿನಿಂದ ಚಿಲಕ ಹಾಕಿ ಹೋದವಳೇ. ಬೈಯುವವರು ಬೈಯಿರಿ. ಬಾಗಿಲು ತೆರೆದಿಟ್ಟರೆ ಯಾರು ಒಳಬರುತ್ತಾರೋ ಎಂಬ ಭಯ, ಮುಚ್ಚಿದರೆ ಒಳಗೆ ಏನಾಗುತ್ತದೋ ಎಂಬ ಭಯ.

ಬೀಗದಕೈ
ಬೈಯುವುದಿಲ್ಲ ಅಕ್ಕ, ಆದರೆ ಹೊರಗಿನ ಚಿಲಕ ಮಾತ್ರ ಬೇಡ. ಕೈಮುಗಿದು ಕೇಳುತ್ತೇನೆ.

ನಾನು ಅದೇ ಚಿಲಕದ ಒಳಗೆ ಬೆಳೆದವನು. ಏಳು ವರ್ಷವಿರಬೇಕು. ಮಧ್ಯಾಹ್ನ ಗೋಡೆಯ ಸ್ವಿಚ್‌ಬೋರ್ಡಿನಿಂದ ಚಟಚಟ ಸದ್ದು ಬಂತು, ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ, ಆಮೇಲೆ ಹೊಗೆ. ಬಾಗಿಲು ಬಡಿದೆ. ಕಿಟಕಿಯ ಸರಳುಗಳ ನಡುವೆ ಮುಖ ತೂರಿಸಿ ಕೂಗಿದೆ. ಆ ಹೊತ್ತಿನಲ್ಲಿ ಬೀದಿಯಲ್ಲಿ ಯಾರೂ ಇರುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು, ಆದರೂ ಕೂಗಿದೆ. ಎದುರುಮನೆಯ ಅಜ್ಜಿಗೆ ಕಿವಿ ಅಷ್ಟಕ್ಕಷ್ಟೇ. ಆಕೆಗೆ ಹೊಗೆ ಕಂಡಿತು, ನನ್ನ ಕೂಗು ಕೇಳಿಸಿದ್ದಲ್ಲ. ಕಲ್ಲಿನಿಂದ ಚಿಲಕ ಒಡೆದರು. ಮರುದಿನದಿಂದ ಅಮ್ಮ ಕರಿದಾರದಲ್ಲಿ ಬೀಗದಕೈ ಪೋಣಿಸಿ ನನ್ನ ಕೊರಳಿಗೆ ಹಾಕಿದರು, ಕೂಗಿದರೆ ಬರಬೇಕೆಂದು ಅಜ್ಜಿಯ ಬಳಿ ಮಾತು ತೆಗೆದುಕೊಂಡರು. ಕೀಲಿ ಎದೆಗೆ ಒತ್ತಿ ಆಗುತ್ತಿದ್ದ ಗುರುತು ನೋಡಿಕೊಂಡು ನಾನು ದೊಡ್ಡವನಾದೆನೆಂದು ಹೆಮ್ಮೆಪಡುತ್ತಿದ್ದೆ.

ಒಳಗಿರುವ ಮಗು ತಾನೇ ತೆರೆದುಕೊಂಡು ಹೊರಬರಲು ಆಗದ ಬಾಗಿಲು ಕಾವಲಲ್ಲ.

ಮೂರುಗಾಲಿ
ಎಷ್ಟು ವಯಸ್ಸಿಗೆ ಒಬ್ಬರೇ ಬಿಡಬಹುದು? ಇದಕ್ಕೆ ಕಾನೂನು ಇಲ್ಲವೇ?

ಕಡತದೊಳಗಿನವಳು
ಎಲ್ಲ ಕಡೆಗೂ ಒಂದೇ ಉತ್ತರವಿಲ್ಲ. ಬ್ರಿಟನ್ನಿನ ಕಾನೂನು ಕೂಡ ಇಂತಿಷ್ಟೇ ವಯಸ್ಸು ಎಂದು ಹೇಳುವುದಿಲ್ಲ. ಮಗುವನ್ನು ಅಪಾಯಕ್ಕೆ ದೂಡುವಂತೆ ಬಿಟ್ಟುಹೋದರೆ ಅಪರಾಧ ಎನ್ನುತ್ತದೆ, ಅಷ್ಟೇ. ಅಲ್ಲಿನ ಮಕ್ಕಳ ರಕ್ಷಣಾ ಸಂಸ್ಥೆಯಾದ ಎನ್‌ಎಸ್‌ಪಿಸಿಸಿ ಮಾತ್ರ ಹನ್ನೆರಡರ ಕೆಳಗಿನವರನ್ನು ಹೆಚ್ಚು ಹೊತ್ತು ಒಂಟಿಯಾಗಿ ಬಿಡಬೇಡಿ ಎನ್ನುತ್ತದೆ. ನನ್ನನ್ನು ಕೇಳಿದರೆ ವಯಸ್ಸಿಗಿಂತ ಮೊದಲು ನೋಡಬೇಕಾದದ್ದು ಬೇರೆ. ಏನಾದರೂ ಆದರೆ ಮಗು ಓಡಿಹೋಗಲು ಒಂದು ಮನೆ ಇದೆಯೇ? ಆ ಮನೆಯವರಿಗೆ ಈ ವಿಷಯ ಗೊತ್ತಿದೆಯೇ?

ಮಕ್ಕಳ ರಕ್ಷಣೆಯ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೇನೆ. ಸೀಮೆಸುಣ್ಣ ಮೇಡಂ ಅವರ ಆತಂಕ ಎಷ್ಟು ಸರಿ ಎನ್ನುವುದನ್ನು ಹೇಳುತ್ತೇನೆ. ಅಮೆರಿಕದಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳನ್ನು ಹೆಚ್ಚಾಗಿ ಕೊಡುವವರ ಮುಂಚೂಣಿಯಲ್ಲಿ ಶಾಲೆಯವರೂ ಇದ್ದಾರೆ. ಅಲ್ಲಿ ಪ್ರತಿವರ್ಷ ರಜೆಯ ತಿಂಗಳುಗಳಲ್ಲಿ ದೂರು ಇಳಿಯುತ್ತದೆ, ಶಾಲೆ ತೆರೆದೊಡನೆ ಏರುತ್ತದೆ. 2020ರಲ್ಲಿ ಕೊರೊನಾಕ್ಕಾಗಿ ಶಾಲೆ ಮುಚ್ಚಿದಾಗಲೂ ಹೀಗೇ ಆಯಿತು. ರಜೆಯಲ್ಲಿ ಹೊಡೆತ ನಿಲ್ಲುತ್ತದೆಯೆಂದು ಯಾರೂ ತಿಳಿಯಬಾರದು, ನೋಡುವವರು ಇರುವುದಿಲ್ಲ ಅಷ್ಟೇ.

ಆ ಜಿಪ್ಪಿನ ಹುಡುಗಿಯ ವಿಷಯಕ್ಕೆ ಬರುತ್ತೇನೆ. ರಜೆ ಶುರುವಾಗುವ ಮೊದಲೇ ಅವಳ ಬಳಿ ಕುಳಿತು ಮಾತಾಡಿ. “ಯಾರಾದರೂ ಹೊಡೆಯುತ್ತಾರಾ?” ಎಂದು ನೇರವಾಗಿ ಕೇಳಬೇಡಿ, ಮಗು ಇಲ್ಲ ಎಂದುಬಿಡುತ್ತದೆ. “ರಜೆಯಲ್ಲಿ ಬೆಳಿಗ್ಗೆ ಎದ್ದ ಮೇಲೆ ರಾತ್ರಿ ಮಲಗುವವರೆಗೆ ಏನೇನು ಆಗುತ್ತದೆ, ನನಗೆ ಕಥೆಯ ಹಾಗೆ ಹೇಳು” ಎನ್ನಿ. ಎಲ್ಲಿ ತಡವರಿಸುತ್ತಾಳೆ, ಯಾವ ಹೊತ್ತನ್ನು ಹಾರಿಸುತ್ತಾಳೆ ಗಮನಿಸಿ. ಅವಳಾಡಿದ ಮಾತನ್ನು ಅವಳದೇ ಪದಗಳಲ್ಲಿ, ದಿನಾಂಕ ಹಾಕಿ ಬರೆದಿಡಿ. “ಯಾರಿಗೂ ಹೇಳುವುದಿಲ್ಲ” ಎಂಬ ಆಣೆ ಮಾತ್ರ ಹಾಕಬೇಡಿ, ಅದನ್ನು ಉಳಿಸಿಕೊಳ್ಳಲು ನಿಮ್ಮಿಂದ ಆಗದು. ಅನುಮಾನ ಗಟ್ಟಿಯಾಗಿದ್ದರೆ ರಜೆ ಮುಗಿಯಲೆಂದು ಕಾಯುತ್ತಾ ಕೂರಬೇಡಿ. ಭಾರತದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಮಗುವೇ ಮಾಡಬಹುದು, ನೀವೂ ಮಾಡಬಹುದು. ಸಾಕ್ಷಿ ಹುಡುಕುವುದು ನಿಮ್ಮ ಕೆಲಸವಲ್ಲ.

ಸೀಮೆಸುಣ್ಣ
“ಯಾವ ಹೊತ್ತನ್ನು ಹಾರಿಸುತ್ತಾಳೆ.” ಇದು ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ಕೂರುತ್ತೇನೆ.

ನೇರನುಡಿ
ರಾತ್ರಿಪಾಳಿಯವರೇ, ನನ್ನ ಮಾತು ಒರಟಾಯಿತು. ಆದರೂ ಅದು ಶಿಕ್ಷಕರ ಕೆಲಸವಲ್ಲ ಎಂಬುದನ್ನು ಬಿಟ್ಟುಕೊಡುವುದಿಲ್ಲ. ಸರಕಾರ ಮಾಡಬೇಕಾದದ್ದನ್ನು ಒಬ್ಬ ಟೀಚರಿನ ಒಳ್ಳೆಯತನದ ಮೇಲೆ ಹೇರುವುದು ಯಾವ ನ್ಯಾಯ?

ಲೆಕ್ಕದಮೇಲೆಲೆಕ್ಕ
ಈ ಒಂದು ಮಾತಿಗೆ ನನ್ನ ಸಹಿ ಇದೆ. ಮನಸ್ಸು ಮಾಡಿದರೆ ಸರಕಾರಗಳಿಂದ ಆಗುತ್ತದೆ ಕೂಡ. ಇಂಗ್ಲೆಂಡಿನಲ್ಲಿ 2020ರಲ್ಲಿ ಫುಟ್‌ಬಾಲ್ ಆಟಗಾರ ಮಾರ್ಕಸ್ ರ‍್ಯಾಶ್‌ಫರ್ಡ್, ಶಾಲೆಯಲ್ಲಿ ಉಚಿತ ಊಟ ಪಡೆಯುವ ಮಕ್ಕಳಿಗೆ ರಜೆಯಲ್ಲೂ ಊಟ ಬೇಕೆಂದು ಬಹಿರಂಗ ಪತ್ರ ಬರೆದರು. ಆಗದು ಎಂದಿದ್ದ ಸರಕಾರ ಕೆಲವೇ ದಿನಗಳಲ್ಲಿ ಒಪ್ಪಿತು. 2021ರಿಂದ ಇಡೀ ಇಂಗ್ಲೆಂಡಿನಲ್ಲಿ ರಜೆಯ ಚಟುವಟಿಕೆ ಮತ್ತು ಊಟದ ಯೋಜನೆ ನಡೆಯುತ್ತಿದೆ. ಬೇಸಿಗೆಯಲ್ಲಿ ನಾಲ್ಕು ವಾರ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಾಲ್ಕು ಗಂಟೆ, ಜೊತೆಗೆ ಆಟ ಮತ್ತು ಒಂದು ಒಳ್ಳೆಯ ಊಟ. ಭಾರತದ ಸುಪ್ರೀಂ ಕೋರ್ಟಂತೂ ಅದಕ್ಕೂ ಮೊದಲೇ, 2004ರ ಏಪ್ರಿಲ್‌ನಲ್ಲಿ, ಬರಪೀಡಿತ ಪ್ರದೇಶಗಳ ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲೂ ಮಧ್ಯಾಹ್ನದ ಊಟ ಕೊಡಬೇಕೆಂದು ಆದೇಶಿಸಿತ್ತು. ಹಸಿವಿಗೆ ರಜೆಯಿಲ್ಲ ಎಂಬುದು ನ್ಯಾಯಾಲಯಕ್ಕೆ ಗೊತ್ತಿತ್ತು.

ಇನ್ನು ಕಲಿಕೆ. ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ 39 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಬೇಸಿಗೆ ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಕಳೆದುಹೋಗುತ್ತದೆ, ಅದರಲ್ಲೂ ಗಣಿತ ಹೆಚ್ಚು ಕಳೆಯುತ್ತದೆ ಎಂದು ಕಂಡಿತು. ಅಲ್ಲಿನ ಬಾಲ್ಟಿಮೋರ್ ನಗರದಲ್ಲಿ 1982ರಲ್ಲಿ ಒಂದನೇ ತರಗತಿಗೆ ಸೇರಿದ ಸುಮಾರು 800 ಮಕ್ಕಳ ಬೆನ್ನುಹತ್ತಿದ ಸಮಾಜಶಾಸ್ತ್ರಜ್ಞರಾದ ಕಾರ್ಲ್ ಅಲೆಕ್ಸಾಂಡರ್ ಮತ್ತು ಡೋರಿಸ್ ಎಂಟ್ವಿಸಲ್ ಇದಕ್ಕೆ ನಲ್ಲಿಯ ಹೋಲಿಕೆ ಕೊಟ್ಟರು. ಶಾಲೆ ತೆರೆದಿರುವಾಗ ನಲ್ಲಿಯ ನೀರು ಎಲ್ಲ ಮಕ್ಕಳಿಗೂ ಬರುತ್ತದೆ. ರಜೆಯಲ್ಲಿ ನಲ್ಲಿ ಬಂದ್. ಮನೆಯಲ್ಲಿ ತೊಟ್ಟಿ ತುಂಬಿಟ್ಟುಕೊಂಡವರಿಗೆ ತೊಂದರೆಯಿಲ್ಲ, ಉಳಿದವರು ಬಾಯಾರಿಕೆಯಲ್ಲಿರಬೇಕು.

ಹಾಳೆಯಂಚು
ಲೆಕ್ಕದವರೇ, ನಲ್ಲಿಯ ಕಥೆ ಚೆನ್ನಾಗಿದೆ, ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲವಲ್ಲ. 2019ರಲ್ಲಿ ಪಾಲ್ ವಾನ್ ಹಿಪ್ಪೆಲ್ ಎಂಬ ಸಂಶೋಧಕರು ಅವೇ ಹಳೆಯ ಫಲಿತಾಂಶಗಳನ್ನು ಹೊಸ ಪರೀಕ್ಷೆಗಳ ಅಂಕಗಳ ಜೊತೆ ಇಟ್ಟು ನೋಡಿದಾಗ, ಬಡವ ಬಲ್ಲಿದರ ನಡುವಿನ ಅಂತರ ರಜೆಯಲ್ಲೇ ಬೆಳೆಯುತ್ತದೆ ಎಂಬುದು ಗಟ್ಟಿಯಾಗಿ ನಿಲ್ಲಲಿಲ್ಲ. ಅಂತರದ ದೊಡ್ಡ ಪಾಲು ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬೆಳೆದುಬಿಟ್ಟಿರುತ್ತದೆ ಎನ್ನುತ್ತಾರೆ ಅವರು.

ಲೆಕ್ಕದಮೇಲೆಲೆಕ್ಕ
ಒಪ್ಪಿದೆ. ಬಡ ಮಕ್ಕಳು ಮಾತ್ರ ಮರೆಯುತ್ತಾರೆ ಎನ್ನುವುದು ಖಚಿತವಲ್ಲ. ಆದರೆ ರಜೆಯಲ್ಲಿ ಎಲ್ಲ ಮಕ್ಕಳ ಕಲಿಕೆಯೂ ನಿಧಾನವಾಗುತ್ತದೆ ಎನ್ನುವುದನ್ನು ಅವರೂ ಅಲ್ಲಗಳೆಯುವುದಿಲ್ಲ. ಹಿಂದೆ ಉಳಿದವರು ಮುಂದಿನವರನ್ನು ಮುಟ್ಟಲು ರಜೆಯೇ ಸರಿಯಾದ ಕಾಲ ಎಂದು ಕೂಡ ಅದನ್ನು ಓದಬಹುದು.

ತುದಿಬೆರಳು
ಮಕ್ಕಳನ್ನು ಆಡಲು ಬಿಡಿ ಮಾರಾಯರೇ. ರಜೆಯಲ್ಲೂ ಪಾಠವೇ?

ಹಳೆಯಮೇಷ್ಟ್ರು
ಆಡುವ ಹಕ್ಕನ್ನು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯೇ ಕೊಟ್ಟಿದೆ. ಆದರೆ ಅಜ್ಜಿಯ ಹಾಸಿಗೆ ಬದಲಿಸುತ್ತಿರುವ ಹತ್ತರ ಹುಡುಗ ಯಾವ ಹೊತ್ತಿಗೆ ಆಡಬೇಕು, ಅದನ್ನು ಹೇಳಿ.

ನಾನು ನಿವೃತ್ತ ಶಿಕ್ಷಕ. ಮೂವತ್ತೆರಡು ವರ್ಷದ ಅನುಭವ. ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ. ಇಂಥ ನಾಲ್ಕು ಮಕ್ಕಳನ್ನು ದಿನಕ್ಕೊಬ್ಬರಂತೆ ಕರೆದು, ಎರಡು ಗಂಟೆ ಕೂರಿಸಿಕೊಂಡು, ಬಿಟ್ಟಿಯಾಗಿ ಹೇಳಿಕೊಡಲು ಸಿದ್ಧ. ಪ್ರತಿ ಬಡಾವಣೆಯಲ್ಲೂ ನನ್ನಂಥವರು ಒಬ್ಬರಾದರೂ ಇರುತ್ತಾರೆ. ಇದಕ್ಕೆ ಯೋಜನೆಯೂ ಬೇಡ, ಸುಪ್ರೀಂ ಕೋರ್ಟೂ ಬೇಡ.

ಕಡತದೊಳಗಿನವಳು
ಮೇಷ್ಟ್ರೇ, ನಿಮ್ಮ ಮನಸ್ಸು ದೊಡ್ಡದು. ಆದರೆ ಒಂದು ಮಗು, ಒಬ್ಬ ದೊಡ್ಡವರು, ಒಂದು ಕೋಣೆ, ಈ ಏರ್ಪಾಡು ಬೇಡ.

ಹಳೆಯಮೇಷ್ಟ್ರು
ನನ್ನನ್ನು ಅನುಮಾನಿಸುತ್ತಿದ್ದೀರಾ ತಾಯಿ? ನನ್ನ ಕೈಯಲ್ಲಿ ಕಲಿತವರು ಇಂದು ಅಜ್ಜಂದಿರಾಗಿದ್ದಾರೆ!

ಕಡತದೊಳಗಿನವಳು
ನಿಮ್ಮೊಬ್ಬರನ್ನಲ್ಲ, ಎಲ್ಲರನ್ನೂ. ನನ್ನನ್ನೂ ಸೇರಿಸಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರಲ್ಲಿ ಬಹುಪಾಲು ಜನ ಮಗುವಿಗೂ ಮನೆಯವರಿಗೂ ಚೆನ್ನಾಗಿ ಗೊತ್ತಿರುವವರೇ, ನಂಬಿಕೆ ಗಳಿಸಿದವರೇ. ದಿಕ್ಕಿಲ್ಲದ ಮಗು ಎಲ್ಲಿದೆ ಎಂದು ಅಂಥವರು ಹುಡುಕುತ್ತಿರುತ್ತಾರೆ, ಬಿಟ್ಟಿ ಪಾಠಕ್ಕಿಂತ ಸುಲಭದ ದಾರಿ ಅವರಿಗೆ ಸಿಗುವುದಿಲ್ಲ. ನಿಯಮ ಎಲ್ಲರಿಗೂ ಒಂದೇ ಇದ್ದರೆ ಒಳ್ಳೆಯವರಿಗೆ ಅವಮಾನವಿಲ್ಲ, ಕೆಟ್ಟವರಿಗೆ ಜಾಗವಿಲ್ಲ. ಮಕ್ಕಳು ಗುಂಪಾಗಿರಲಿ. ದೊಡ್ಡವರು ಇಬ್ಬರಿರಲಿ. ದಾರಿಯಲ್ಲಿ ಹೋಗುವವರಿಗೆ ಕಾಣುವ ಜಾಗವಾಗಿರಲಿ. ಹೆತ್ತವರು ಯಾವ ಹೊತ್ತಿಗೆ ಬಂದರೂ ಬಾಗಿಲು ತೆರೆದಿರಲಿ. ಗುಟ್ಟಿನ ಉಡುಗೊರೆ, ಖಾಸಗಿ ಸಂದೇಶ ಎರಡೂ ಬೇಡ.

ಹಳೆಯಮೇಷ್ಟ್ರು
ಎರಡು ಗಂಟೆ ಸಿಟ್ಟು ಮಾಡಿಕೊಂಡು ಕುಳಿತಿದ್ದೆ. ನನ್ನ ಹೆಂಡತಿ ಇದನ್ನೆಲ್ಲ ಓದಿ, “ಆ ಹೆಣ್ಣುಮಗಳು ಹೇಳಿದ್ದು ಸರಿ. ಹೊರಗಿನ ಜಗಲಿಯಲ್ಲಿ ಕೂರಿಸಿ, ನಾನೂ ಕೂರುತ್ತೇನೆ” ಎಂದಳು. ಹಾಗಾದರೆ ಜಗಲಿಯೇ ಆಗಲಿ.

ಎರಡುಜಡೆ
ಮೇಷ್ಟ್ರ ಮನೆಯಲ್ಲಿ ಸುಪ್ರೀಂ ಕೋರ್ಟು ಯಾರೆಂದು ಗೊತ್ತಾಯಿತು.

ನೀಲಿಪೆನ್ಸಿಲ್
ವಿಶೇಷ ಅಗತ್ಯದ ಮಕ್ಕಳ ಬಗ್ಗೆ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಹನ್ನೊಂದು ವರ್ಷ, ಆಟಿಸಂ ಇದೆ. ಎಲ್ಲರಿಗೂ ರಜೆ ಎಂದರೆ ಬಿಡುಗಡೆ. ಅವನಿಗೆ ಕಾಲ ಕೆಳಗಿನ ನೆಲವೇ ಜರುಗಿದ ಹಾಗೆ. ಎಂಟೂವರೆಗೆ ಬರಬೇಕಾದ ಶಾಲೆಯ ಬಸ್ ಯಾಕೆ ಬರಲಿಲ್ಲ ಎಂದು ಗೇಟಿನ ಬಳಿ ನಿಂತೇ ಇರುತ್ತಾನೆ. ಮೊದಲ ವರ್ಷ ಐದು ದಿನ ನಿಂತ. ಆರನೇ ದಿನ ತಲೆಯನ್ನು ಗೇಟಿಗೆ ಹೊಡೆದುಕೊಂಡ.

ಈಗ ರಜೆಗೆ ಎರಡು ವಾರ ಮೊದಲೇ ತಯಾರಿ. ಗೋಡೆಯ ಮೇಲೆ ಚಿತ್ರಗಳ ಪಟ್ಟಿ ಅಂಟಿಸುತ್ತೇನೆ: ಹಲ್ಲುಜ್ಜುವುದು, ತಿಂಡಿ, ಬಸ್ಸಿನ ಚಿತ್ರದ ಮೇಲೆ ಅಡ್ಡಗೀಟು, ಅದರ ಪಕ್ಕದಲ್ಲಿ ನಡಿಗೆಯ ಚಿತ್ರ. ಎಂಟೂವರೆಗೆ ನಾವಿಬ್ಬರೂ ಚೀಲ ಹಾಕಿಕೊಂಡೇ ಹೊರಡುತ್ತೇವೆ, ಒಂದು ಸುತ್ತು ಹಾಕಿ ಮನೆಗೆ ಬರುತ್ತೇವೆ. ಚೀಲದಲ್ಲಿ ಏನೂ ಇರುವುದಿಲ್ಲ, ಆದರೆ ಚೀಲ ಇರಲೇಬೇಕು. ಮುಗಿದ ದಿನದ ಮೇಲೆ ಅವನೇ ನೀಲಿ ಪೆನ್ಸಿಲಿನಿಂದ ಗೀಟು ಎಳೆಯುತ್ತಾನೆ. ಶಾಲೆ ತೆರೆಯುವ ದಿನ ಯಾವುದೆಂದು ಅವನಿಗೆ ಕಾಣುತ್ತಿರುತ್ತದೆ. ಹೊಡೆದುಕೊಳ್ಳುವುದು ಪೂರ್ತಿ ನಿಂತಿತು ಎನ್ನಲಾರೆ. ಕಡಿಮೆಯಾಗಿದೆ.

ರಜೆಯ ಶಿಬಿರಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಮೂರು ಕಡೆ ಕೇಳಿದೆ. ಫೋನಿನಲ್ಲಿ “ಎಲ್ಲ ಮಕ್ಕಳಿಗೂ ಸ್ವಾಗತ”. ಆಟಿಸಂ ಎಂದ ಕೂಡಲೇ “ಸೀಟು ಭರ್ತಿಯಾಗಿದೆ”.

ರಾತ್ರಿಪಾಳಿ
ಓದಿ ಕಣ್ಣು ತುಂಬಿತು. ಆ ಖಾಲಿ ಚೀಲ.

ಮೂರುಗಾಲಿ
ಚಿತ್ರಪಟ್ಟಿ ನನ್ನ ಮಗಳಿಗೂ ಉಪಯೋಗವಾಗಬಹುದು. ಅವಳಿಗೆ ಏನೂ ತೊಂದರೆಯಿಲ್ಲ, ಸುಮ್ಮನೆ ಸೋಮಾರಿ.

ನದಿದಂಡೆ
ಪಾಠ ಪಾಠ ಎನ್ನುತ್ತಿದ್ದೀರಿ, ನೀರಿನ ಮಾತೇ ಇಲ್ಲ. ರಜೆಯ ಮಧ್ಯಾಹ್ನ ದೊಡ್ಡವರು ಯಾರೂ ಇಲ್ಲದ ಹೊತ್ತಿನಲ್ಲಿ ಮಕ್ಕಳು ಕೆರೆ, ಕಾಲುವೆ, ಕ್ವಾರಿ ಗುಂಡಿಗಳ ಕಡೆಗೇ ಹೋಗುವುದು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 5ರಿಂದ 14 ವರ್ಷದವರ ಸಾವಿಗೆ ಮೂರನೇ ದೊಡ್ಡ ಕಾರಣ ಮುಳುಗುವಿಕೆ. ಈಜು ಕಲಿಸುವ ಕೆಲಸ ನನ್ನದು. ಮುಳುಗುವವರು ಸಿನಿಮಾದ ಹಾಗೆ ಕೈಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕಿರುತ್ತದೆ, ಕೂಗಲು ಉಸಿರಿರುವುದಿಲ್ಲ. ಪಕ್ಕದಲ್ಲಿರುವವರಿಗೂ ಗೊತ್ತಾಗುವುದಿಲ್ಲ.

ರಜೆಗೆ ಮುಂಚಿನ ಕೊನೆಯ ವಾರ ಅರ್ಧ ಗಂಟೆ ಇದಕ್ಕೆ ಕೊಡಿ ಮೇಡಂ. ಗೆಳೆಯ ಮುಳುಗುತ್ತಿದ್ದರೆ ನೀವು ಹಾರಬೇಡಿ, ದೊಡ್ಡವರನ್ನು ಕೂಗಿ, ಹಗ್ಗ, ಕೋಲು, ಬಟ್ಟೆ, ಖಾಲಿ ಕ್ಯಾನು, ಸಿಕ್ಕಿದ್ದನ್ನು ಎಸೆಯಿರಿ. ಇದನ್ನು ಅಂಗಳದಲ್ಲಿ ಆಟದ ಹಾಗೆ ಆಡಿಸಿ. ಒಬ್ಬನನ್ನು ಉಳಿಸಲು ಹೋಗಿ ಮೂವರು ಮುಳುಗಿದ್ದನ್ನು ಕಂಡವನು ನಾನು. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಚಿಕ್ಕ ಮಕ್ಕಳ ಕಥೆ ಬೇರೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತು ಐದು ವರ್ಷದೊಳಗಿನವರನ್ನು ಒಂದೆಡೆ ಕೂಡಿಸಿ ಆಡಿಸುವ ‘ಆಂಚಲ್’ ಎಂಬ ಪುಟ್ಟ ಕೇಂದ್ರಗಳಿವೆ. ಅಲ್ಲಿಗೆ ಹೋಗುವ ಮಕ್ಕಳಲ್ಲಿ ಮುಳುಗಿ ಸಾಯುವುದು ಗಣನೀಯವಾಗಿ ಇಳಿದಿದೆ. ಅಲ್ಲಿ ಮದ್ದಿಲ್ಲ, ಯಂತ್ರವಿಲ್ಲ. ಕಣ್ಣಿಟ್ಟು ನೋಡುವ ಒಬ್ಬ ಹೆಂಗಸು ಇದ್ದಾಳೆ, ಅಷ್ಟೇ.

ತುದಿಬೆರಳು
ಹಾಗಿದ್ದರೆ ಮೊಬೈಲ್ ಕೊಟ್ಟು ಮನೆಯಲ್ಲೇ ಕೂರಿಸುವುದು ವಾಸಿ ಎಂದಾಯಿತು.

ನೇರನುಡಿ
ಕೆರೆಯಾದರೆ ಊರಾಚೆ ಇರುತ್ತದೆ. ಮೊಬೈಲಿನೊಳಗಿನ ಅಪರಿಚಿತ ಹಾಸಿಗೆಯವರೆಗೂ ಬರುತ್ತಾನೆ.

ಎರಡುಜಡೆ
ನನ್ನ ತಮ್ಮ ಹೋದ ರಜೆಯಲ್ಲಿ ಮೊಬೈಲಿನಲ್ಲೇ ಚದುರಂಗ ಕಲಿತು ಮನೆಮಂದಿಯನ್ನೆಲ್ಲ ಸೋಲಿಸಿದ. ಈಗ ಅವನ ಜೊತೆ ಯಾರೂ ಆಡುವುದಿಲ್ಲ, ಅದೊಂದು ಹೊಸ ಸಮಸ್ಯೆ.

ಹಳೆಯಮೇಷ್ಟ್ರು
ಅವನನ್ನು ನಮ್ಮ ಜಗಲಿಗೆ ಕಳುಹಿಸಿ. ನಾನು ಇನ್ನೂ ಸೋಲಲಿಲ್ಲ.

ಕಪಾಟುಏಳು
ವಿಷಯಕ್ಕೆ ಬನ್ನಿ ಎಂದು ಗದರಿಸೋಣವೆಂದಿದ್ದೆ, ಆದರೆ ಚದುರಂಗವೂ ವಿಷಯವೇ. ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ರಜೆಯಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂರುವ ಮಕ್ಕಳಿದ್ದಾರೆ. ಓದುವುದಕ್ಕೆಂದೇ ಬಂದವರಲ್ಲ. ಫ್ಯಾನು ಇದೆ, ಕುಡಿಯುವ ನೀರಿದೆ, ಶೌಚಾಲಯವಿದೆ, ಬೈಯುವವರಿಲ್ಲ, ಅದಕ್ಕೆ ಬರುತ್ತಾರೆ. ನಾಲ್ಕನೇ ದಿನ ಬೇಸರ ತಡೆಯಲಾರದೆ ಒಂದು ಪುಸ್ತಕ ಎಳೆಯುತ್ತಾರೆ. ನಾನು ಕಾಯುವುದೇ ಆ ನಾಲ್ಕನೇ ದಿನಕ್ಕೆ.

ಮೇಡಂ, ಮನೆಪಾಠದ ಹಾಳೆ ಬಿಡಿ, ಪುಸ್ತಕ ಕೊಡಿ. ಆದರೆ ಆಯ್ಕೆ ಮಗುವಿನದೇ ಆಗಿರಲಿ. ಅಮೆರಿಕದ ಫ್ಲಾರಿಡಾದಲ್ಲಿ ರಿಚರ್ಡ್ ಆಲಿಂಗ್‌ಟನ್ ಮತ್ತು ಆ್ಯನ್ ಮೆಕ್‌ಗಿಲ್-ಫ್ರಾನ್ಜೆನ್ ಎಂಬ ಸಂಶೋಧಕರು ಬಡ ಮಕ್ಕಳೇ ಹೆಚ್ಚಿರುವ ಶಾಲೆಗಳಲ್ಲಿ, ಸತತ ಮೂರು ಬೇಸಿಗೆ, ಮಕ್ಕಳೇ ಆರಿಸಿಕೊಂಡ ಹನ್ನೆರಡು ಪುಸ್ತಕಗಳನ್ನು ಪ್ರತಿ ಬಾರಿ ರಜೆಗೆ ಕೊಟ್ಟು ಕಳುಹಿಸಿದರು. ಪರೀಕ್ಷೆಯಿಲ್ಲ, ಸಾರಾಂಶ ಬರೆಯುವುದಿಲ್ಲ. ಪುಸ್ತಕ ಸಿಕ್ಕವರ ಓದು ಸಿಗದವರಿಗಿಂತ ಮುಂದಿತ್ತು. ಆ ಮಕ್ಕಳು ಆರಿಸಿಕೊಂಡದ್ದು ಹೆಚ್ಚಾಗಿ ಸಿನಿಮಾ ತಾರೆಯರ, ಹಾಡುಗಾರರ, ಆಟಗಾರರ ಪುಸ್ತಕಗಳನ್ನೇ. ನೀತಿಕಥೆ ಹೇರುವವರು ಇದನ್ನು ಗಮನಿಸಲಿ.

ಹಾಳೆಯಂಚು
ಅಕ್ಷರವೇ ಕೂಡಿಸಲು ಬಾರದ ಮಗುವಿಗೆ ಹನ್ನೆರಡು ಪುಸ್ತಕ ಕೊಟ್ಟು ಏನು ಪ್ರಯೋಜನ? ಅಂಥವರಿಗೆ ಬೇಕಾದದ್ದು ಮಕ್ಕಳಿಗೆ ಓದು, ಲೆಕ್ಕ ಕಲಿಸುವ ಪ್ರಥಮ್ ಎಂಬ ಸಂಸ್ಥೆಯವರ ದಾರಿ. 2008ರ ಜೂನ್‌ನಲ್ಲಿ ಅವರ ನೆರವಿನಿಂದ ಬಿಹಾರದ ಸರಕಾರಿ ಶಿಕ್ಷಕರೇ ಒಂದು ತಿಂಗಳ ಬೇಸಿಗೆ ಶಿಬಿರ ನಡೆಸಿದರು. ಹಿಂದುಳಿದ ಮಕ್ಕಳಿಗೆ ಓದು ಮತ್ತು ಲೆಕ್ಕದ ಬುನಾದಿ ಮಾತ್ರ, ಪಠ್ಯಪುಸ್ತಕದ ಓಟವಿಲ್ಲ. ಕೆಲವೇ ವಾರಗಳಲ್ಲಿ ಕಣ್ಣಿಗೆ ಕಾಣುವಷ್ಟು ಬದಲಾವಣೆಯಾಯಿತು. ಶಾಲೆಯ ದಿನಗಳಲ್ಲಿ ಅದೇ ಶಿಕ್ಷಕರಿಂದ ಅಷ್ಟು ಆಗಿರಲಿಲ್ಲ, ಯಾಕೆಂದರೆ ಪಾಠ ಮುಗಿಸುವ ಒತ್ತಡ. ಮೇಷ್ಟ್ರು ಜಗಲಿಯಲ್ಲಿ ಮಾಡಬೇಕಾದದ್ದೂ ಇಷ್ಟೇ. ತರಗತಿ ನೋಡಬೇಡಿ, ವಯಸ್ಸು ನೋಡಬೇಡಿ. ಅಕ್ಷರದವರು ಒಂದು ಕಡೆ, ಪದದವರು ಒಂದು ಕಡೆ, ಸಾಲು ಓದುವವರು ಇನ್ನೊಂದು ಕಡೆ.

ಬೀಗದಕೈ
ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು. ಆ ಹತ್ತರ ಹುಡುಗನನ್ನು ಜಗಲಿಗೂ ಕರೆಯಬೇಡಿ, ಗ್ರಂಥಾಲಯಕ್ಕೂ ಕರೆಯಬೇಡಿ. ಅವನು ಬರಲಾರ. ಅಜ್ಜಿಯನ್ನು ಬಿಟ್ಟು ಬರಲು ಆಗುವುದಿಲ್ಲ ಎಂದು ಹೇಳಲೂ ಅವನಿಗೆ ನಾಚಿಕೆ, “ಬರುತ್ತೇನೆ ಮಿಸ್” ಎಂದುಬಿಡುತ್ತಾನೆ. ಬರದೇ ಇದ್ದುದಕ್ಕೆ ಶಾಲೆ ತೆರೆದ ದಿನ ತಲೆತಗ್ಗಿಸುತ್ತಾನೆ. ಮೊದಲು ಅಜ್ಜಿಯ ಬಳಿ ದಿನಕ್ಕೆ ಎರಡು ಗಂಟೆ ಕೂರುವ ದೊಡ್ಡವರನ್ನು ಹುಡುಕಿ. ಆ ಎರಡು ಗಂಟೆ ಅವನದು. ಪಾಠಕ್ಕೆ ಬರದೆ ಬರೀ ಚೆಂಡು ಒದ್ದುಕೊಂಡಿದ್ದರೂ ಲೆಕ್ಕ ಕೇಳಬೇಡಿ.

ನೇರನುಡಿ
ಇದಕ್ಕೆ ಎದುರು ಮಾತಿಲ್ಲ.

ರಾತ್ರಿಪಾಳಿ
ನಮ್ಮ ಕೆಲಸದ ಜಾಗದಲ್ಲಿ ನನ್ನ ಹಾಗೆಯೇ ಒದ್ದಾಡುವವರು ಇನ್ನೂ ಮೂವರು ಇದ್ದಾರೆಂದು ಈ ವಾರ ಕೇಳಿದ ಮೇಲೆ ತಿಳಿಯಿತು. ಇಷ್ಟು ವರ್ಷ ಯಾರೂ ಬಾಯಿಬಿಟ್ಟಿರಲಿಲ್ಲ. ನಾಲ್ವರೂ ಪಾಳಿ ಬದಲಿಸಿಕೊಂಡು, ಯಾವ ಹೊತ್ತಿಗೂ ಇಬ್ಬರು ದೊಡ್ಡವರು ಇರುವಂತೆ, ನಾಲ್ಕು ಮನೆಯ ಏಳು ಮಕ್ಕಳನ್ನು ನಮ್ಮ ಮನೆಯಲ್ಲೇ ಸೇರಿಸುವುದೆಂದು ಮಾತಾಡಿದ್ದೇವೆ. ಮೇಲಿನವರು ಪಾಳಿ ಬದಲಿಗೆ ಒಪ್ಪಬೇಕು, ಅದೊಂದೇ ಬಾಕಿ. ಹೊರಗಿನ ಚಿಲಕವನ್ನು ಬಿಚ್ಚಿಸಿದೆ. ಬಾಗಿಲಲ್ಲಿ ನಾಲ್ಕು ಸ್ಕ್ರೂ ತೂತುಗಳು ಉಳಿದಿವೆ. ಚಿಕ್ಕವನು ಅದರಲ್ಲಿ ಕಡ್ಡಿ ತುರುಕುತ್ತಿದ್ದಾನೆ.

ಸೀಮೆಸುಣ್ಣ
ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ. ರಜೆ ಶುರುವಾಗಿ ಹತ್ತೊಂಬತ್ತು ದಿನವಾಯಿತು.

ಹುಡುಗಿಯ ಬಳಿ ಕುಳಿತು ದಿನದ ಕಥೆ ಕೇಳಿದೆ. ಹಾರಿಸಿದ ಹೊತ್ತು ಯಾವುದೆಂದು ತಿಳಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ತಿಳಿಸಬೇಕಾದವರಿಗೆ ತಿಳಿಸಿದ್ದೇನೆ. ಮನೆಗೆ ಭೇಟಿ ಕೊಟ್ಟು ಹೋಗಿದ್ದಾರೆ, ಈಗ ಅವಳು ದೊಡ್ಡಮ್ಮನ ಮನೆಯಲ್ಲಿದ್ದಾಳೆ. ಹುಡುಗನ ಅಜ್ಜಿಯ ಬಳಿ ಕೂರಲು ಪಕ್ಕದ ಮನೆಯವರು ಒಪ್ಪಿದರು, ಆದರೆ ವಾರಕ್ಕೆ ಮೂರು ದಿನ ಮಾತ್ರ. ಬೀಗ ಹಾಕುವ ಮನೆಯವರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸಿದರು. ಮತ್ತೆ ಹೋಗಬೇಕು.

ನೀರಿನ ಆಟ ಆಡಿಸಿದೆ. ಖಾಲಿ ಕ್ಯಾನು ಎಸೆಯುವುದರಲ್ಲಿ ಎಲ್ಲರಿಗಿಂತ ಚುರುಕು ಆ ಜಿಪ್ಪಿನ ಹುಡುಗಿಯೇ.

ಶಾಲೆಯ ಪೆಟ್ಟಿಗೆಯಿಂದ ಬೇಕಾದ ಪುಸ್ತಕ ಆರಿಸಿಕೊಳ್ಳಿ ಎಂದಿದ್ದೆ. ಅವಳು ತೆಗೆದುಕೊಂಡದ್ದು ಹಾವುಗಳ ಬಗ್ಗೆ. ಮಂಗಳವಾರ ಮಂಗಳವಾರ ಸಂಜೆ ದೊಡ್ಡಮ್ಮನ ಫೋನಿನಿಂದ ನನಗೆ ಕರೆ ಮಾಡಬೇಕೆಂದು ಅವಳ ಮತ್ತು ದೊಡ್ಡಮ್ಮನ ಎದುರೇ ಮಾತಾಗಿದೆ (ಕಡತದವರ ನಿಯಮ ಮೀರಿಲ್ಲ). ಮೊದಲ ವಾರ ಬರೀ ಉಸಿರಾಟ ಕೇಳಿಸಿತು. ಎರಡನೇ ವಾರ, “ಮಿಸ್, ಹಾವಿಗೆ ಕಿವಿ ಇಲ್ಲ.” ನಿನ್ನೆ ಜಗಳಕ್ಕೇ ಬಂದಳು. ಹನ್ನೆರಡನೇ ಪುಟದಲ್ಲಿ ಹಾವು ಪೊರೆ ಬಿಡಲು ಶುರುಮಾಡಿದೆಯಂತೆ, ಮುಂದಿನ ಹಾಳೆ ಹರಿದುಹೋಗಿದೆಯಂತೆ. ಯಾರು ಹರಿದದ್ದು, ಅದರಲ್ಲಿ ಏನಿತ್ತು, ಈಗಲೇ ಹೇಳಿ ಎಂದಳು. ನನಗೆ ಗೊತ್ತಿರಲಿಲ್ಲ.

ಕಪಾಟುಏಳು
ಪುಸ್ತಕದ ಹೆಸರು ಕಳುಹಿಸಿ. ನಮ್ಮ ಕಪಾಟಿನಲ್ಲಿದ್ದರೆ ಆ ಹಾಳೆಯ ಎರಡೂ ಬದಿಯ ನಕಲು ತೆಗೆದು ಇವತ್ತೇ ಅಂಚೆಗೆ ಹಾಕುತ್ತೇನೆ. ಮಂಗಳವಾರದೊಳಗೆ ತಲುಪಬೇಕಲ್ಲವೇ.

ನೇರನುಡಿ
ನಕಲು ತೆಗೆದ ಮೇಲೆ ಹದಿಮೂರನೇ ಪುಟದಲ್ಲಿ ಏನಿತ್ತೆಂದು ಇಲ್ಲಿಯೂ ಎರಡು ಸಾಲು ಹಾಕಿ. ನಾನೂ ಕಾಯುತ್ತಿದ್ದೇನೆ.